ಬದುಕಿರುವ ಚಾನೆಲ್ಲಿಗೆ ಶ್ರದ್ಧಾಂಜಲಿ

2026ರ ಜನವರಿ 1. ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಹೊಸ ವರ್ಷದ ಶುಭಾಶಯಕ್ಕಿಂತ ಮೊದಲು ಸಾವಿನ ಸುದ್ದಿ ಬಂತು. ಹಾಡಿನ ಚಾನೆಲ್ ಎಂಟಿವಿ ಹೋಯ್ತಂತೆ. ಉರಿಯುವ ದೀಪದ ಚಿತ್ರ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ನಮ್ಮದು ವಿಜಯಪುರ. ಗೋಳಗುಮ್ಮಟದೊಳಗೆ ಒಂದು ಸಲ ಕೂಗಿದರೆ ಏಳು ಸಲ ತಿರುಗಿ ಕೇಳುತ್ತದೆ. ಗುಂಪಿನಲ್ಲಿ ಅದಕ್ಕೂ ಜಾಸ್ತಿ. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ನಲವತ್ತು ದೀಪ ಉರಿಯುತ್ತಿದ್ದವು.

ಅಸಲಿಗೆ ಮುಚ್ಚಿದ್ದು ಬ್ರಿಟನ್ ಮತ್ತು ಇನ್ನೂ ಕೆಲವು ಕಡೆ ಬರೀ ಹಾಡು ಹಾಕುತ್ತಿದ್ದ ಆ ಕಂಪನಿಯ ಕೆಲವು ಮರಿ ಚಾನೆಲ್‌ಗಳು. ಮುಖ್ಯ ಚಾನೆಲ್ ಇನ್ನೂ ಉಸಿರಾಡುತ್ತಿದೆ. ಇದನ್ನು ಗುಂಪಿಗೆ ಬರೆದೆ. 'ಇರ್ಲಿ ಬಿಡ್ರಿ, ದೀಪ ಹಚ್ಚಿದ್ರ ನಿಮ್ಮ ಗಂಟೇನು ಹೋಗ್ತೈತಿ?' ಅಂತ ಉತ್ತರ ಬಂತು. ಆಮೇಲೆ ಮತ್ತೆ ಮೂರು ದೀಪ.

ಆ ಚಾನೆಲ್ ಅಮೆರಿಕದಲ್ಲಿ ಶುರುವಾದದ್ದು 1981ರ ಆಗಸ್ಟ್ 1ರಂದು. ರೇಡಿಯೊದ ತಾರೆಯನ್ನು ವಿಡಿಯೊ ಕೊಂದಿತು ಅನ್ನುವ ಹಾಡು ಹಾಕಿಯೇ ಅದು ಬಾಗಿಲು ತೆರೆಯಿತು. ನಮ್ಮ ಓಣಿಯಲ್ಲಿ ಆಗ ರೇಡಿಯೊ ಗಟ್ಟಿಮುಟ್ಟಾಗಿತ್ತು. ಕೊಲ್ಲೋಣ ಅಂದರೆ ವಿಡಿಯೊನೇ ಇರಲಿಲ್ಲ. ಭಾರತಕ್ಕೇ ಅಂತ ಅದರ ಬೇರೆ ಚಾನೆಲ್ ಶುರುವಾದದ್ದು 1996ರಲ್ಲಿ. ನಮ್ಮ ಕೇಬಲ್‌ನವನು ಕೊಡುತ್ತಿದ್ದ ನಿಜ. ಆದರೆ ಅಪ್ಪನ ಕೆಮ್ಮು ಕೇಳಿದ ಕೂಡಲೇ ವಾರ್ತೆಗೆ ತಿರುಗಿಸಬೇಕಿತ್ತು. ನಮ್ಮಪ್ಪನಿಗೆ ಕೆಮ್ಮು ಜಾಸ್ತಿ. ಒಂದು ಹಾಡನ್ನೂ ನಾನು ಪೂರ್ತಿ ನೋಡಲಿಲ್ಲ. ನನ್ನ ಜೊತೆ ಅತ್ತ ನಲವತ್ತು ಜನರಲ್ಲಿ ಎಷ್ಟು ಮಂದಿ ನೋಡಿದ್ದರೋ!

ಎಲ್ಲರಿಗಿಂತ ಹೆಚ್ಚು ಅತ್ತವರು ಮೂಲೆ ಮನೆಯ ಕಾಕಾ. ಓಣಿಗೆ ಮೊದಲ ಟೀವಿ ತಂದವರು ಅವರೇ. ಅವರು ಬರೆದರು: 'ಆಗ ಇಡೀ ಓಣಿ ಒಂದೇ ಮನಿಯಾಗ ಕುಂತು ಹಾಡು ನೋಡತಿದ್ವಿ. ಈಗಿನ ಹುಡುಗರಿಗೆ ಆ ಒಗ್ಗಟ್ಟು ಏನ್ ಗೊತ್ತು?'

ಆ ಇಡೀ ಓಣಿಯಲ್ಲಿ ನಾನೂ ಒಬ್ಬ. ನಾನು ಎಲ್ಲಿ ಕೂತಿದ್ದೆ ಅಂತ ಹೇಳಿಬಿಡುತ್ತೇನೆ. ಕೂತಿರಲಿಲ್ಲ. ಕಿಡಕಿಯ ಹೊರಗೆ, ಗಟಾರದ ಕಲ್ಲಿನ ಮೇಲೆ ಒಂಟಿಕಾಲಲ್ಲಿ ನಿಂತಿದ್ದೆ. ಇನ್ನೊಂದು ಕಾಲಿಗೆ ಜಾಗ ಇರಲಿಲ್ಲ. ಬುಧವಾರ, ಶುಕ್ರವಾರ ರಾತ್ರಿ ದೂರದರ್ಶನದಲ್ಲಿ ಹಿಂದಿ ಸಿನಿಮಾ ಹಾಡುಗಳ ಚಿತ್ರಹಾರ್. ಅರ್ಧ ಗಂಟೆ, ಜಾಹೀರಾತು ಕಳೆದರೆ ಐದಾರು ಹಾಡು. ಹಿಂದಿ ಅರ್ಥ ಆಗಲ್ಲ ಅನ್ನುವ ಕಷ್ಟ ನಮ್ಮೂರಲ್ಲಿ ಇರಲಿಲ್ಲ. ಸಂತೆಯಲ್ಲೇ ದಖನಿ ಉರ್ದು ಕಲಿತವರು ನಾವು. ಕಷ್ಟ ಇದ್ದದ್ದು ಕಾಣುವುದರಲ್ಲಿ. ಪರದೆ ತುಂಬ ಇರುವೆ ಹರಿದಾಡುತ್ತಿದ್ದವು. ಒಬ್ಬ ಮಾಳಿಗೆ ಹತ್ತಿ ಅಂಟೆನಾ ತಿರುವಬೇಕು, ಕೆಳಗಿನಿಂದ 'ಬಂತು, ಬಂತು, ಹೋತು!' ಅಂತ ಕೂಗಬೇಕು. ಚಿತ್ರ ಸರಿಯಾಗುವಷ್ಟರಲ್ಲಿ ಹಾಡು ಮುಗಿದು ಸಾಬೂನಿನ ಜಾಹೀರಾತು. ಅದು ಮಾತ್ರ ಕನ್ನಡಿಯಂತೆ ಕಾಣುತ್ತಿತ್ತು.

ಕಪ್ಪುಬಿಳುಪು ಟೀವಿ ಅಂತ ಕಾಕಾ ಅದರ ಮುಂದೆ ಮೂರು ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟಿಸಿದ್ದರು. ಮೇಲೆ ನೀಲಿ, ನಡುವೆ ಕೇಸರಿ, ಕೆಳಗೆ ಹಸಿರು. ನಾಯಕಿ ನಿಂತು ಹಾಡಿದರೆ ತಲೆ ನೀಲಿ, ಕಾಲು ಹಸಿರು. ಪ್ರೀತಿ ಹೆಚ್ಚಾಗಿ ಹುಲ್ಲಿನ ಮೇಲೆ ಉರುಳಿದರೆ ಪೂರ್ತಿ ಹಸಿರು. ಇದನ್ನೇ ಈಗ ಕಾಕಾ 'ಆ ಕಾಲದ ಬಣ್ಣನೇ ಬ್ಯಾರೆ' ಅಂತಾರೆ. ಸುಳ್ಳೇನಲ್ಲ.

ಒಳ್ಳೆಯ ಹಾಡು ಬಂದಾಗ ನಾವು ಕಿಡಕಿಗೆ ಜೋತುಬೀಳುತ್ತಿದ್ದೆವು. ಆಗ ಒಳಗಿನಿಂದ ಒಗ್ಗಟ್ಟಿನ ದನಿ ಕೇಳುತ್ತಿತ್ತು. 'ಏ, ಗಾಳಿ ಬರವಲ್ದು, ಸರೀರಿ ಆ ಕಡೆ!' ನಾವು ಸರಿಯುತ್ತಿರಲಿಲ್ಲ. ಕಿಡಕಿ ಮುಚ್ಚುತ್ತಿತ್ತು. ಉಳಿದ ಹಾಡು ಸಂದಿಯಲ್ಲಿ, ಒಂದು ಬೆರಳಿನಷ್ಟು ಅಗಲ. ಎಷ್ಟೋ ನಾಯಕಿಯರ ಎಡಗೈಯನ್ನಷ್ಟೇ ನಾನು ಬಲ್ಲೆ.

ನಾನೇನು ಸಾಚಾ ಅಲ್ಲ. ನಮ್ಮ ಮನೆಗೂ ಟೀವಿ ಬಂದಾಗ ಬಾಗಿಲಲ್ಲಿ ನಿಂತು ಹುಡುಗರ ಪಾದ ತಪಾಸಣೆ ಮಾಡಿದವನು ನಾನೇ. ತೊಳೆದು ಬಂದವರಿಗೆ ನೆಲ, ಉಳಿದವರಿಗೆ ಕಟ್ಟೆ. ಕ್ರಿಕೆಟ್‌ನಲ್ಲಿ ನನ್ನನ್ನು ಔಟ್ ಮಾಡಿದವನಿಗೆ ಕಟ್ಟೆಯೂ ಇಲ್ಲ.

ಹಳೇ ಟೀವಿ ಅಂತ ಹೆಮ್ಮೆ ಪಡೋದೇ ಆದರೆ ಈ ಜಿಲ್ಲೆಗೆ ದೊಡ್ಡ ಕಥೆಯೇ ಇದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹ ಎರವಲು ಪಡೆದು ದೇಶದ ಸುಮಾರು 2400 ಹಳ್ಳಿಗಳಿಗೆ ಟೀವಿ ತೋರಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲು ನಮ್ಮ ಹಳ್ಳಿಗಳು ಟೀವಿ ನೋಡಿದವು, ಅದೂ ಆಕಾಶದಿಂದ ಇಳಿದದ್ದು! ಕೋಳಿ ಗೂಡಿಗೆ ಹೊಡೆಯುವ ತಂತಿ ಜಾಳಿಗೆಯಿಂದ ಮಾಡಿದ ಹತ್ತಡಿ ಅಗಲದ ಅಂಟೆನಾ. ತೋರಿಸಿದ್ದು ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ವರ್ಷ ಮುಗಿದ ಮೇಲೆ ಉಪಗ್ರಹವನ್ನು ಅವರು ವಾಪಸ್ ತೆಗೆದುಕೊಂಡರು.

ಇದನ್ನೂ ಗುಂಪಿಗೆ ಹಾಕಿದೆ. ಒಂದು ಹೆಬ್ಬೆಟ್ಟು ಬಂತು. ಗೊಬ್ಬರದ ಕಾರ್ಯಕ್ರಮ ನೆನೆದು ಅಳೋರು ಯಾರು?

ಮೊನ್ನೆ ಕಾಕಾ ಮನೆಗೆ ಕರೆದರು. 'ಬಾರೋ, ಹಿಂದಿನಂಗ ಕುಂತು ಹಾಡು ನೋಡೂಣು.' ಗೋಡೆ ತುಂಬ ಟೀವಿ. ಹಾಡು ಹುಡುಕಿಕೊಡಲು ಮೊಮ್ಮಗ. ಈ ಸಲ ನನಗೆ ಸೋಫಾದಲ್ಲೇ ಜಾಗ ಸಿಕ್ಕಿತು. ಬೇಕಾದ ಹಾಡು, ಬೇಕಾದ ಕ್ಷಣ, ಒಂದು ಇರುವೆಯೂ ಇಲ್ಲ. ಪಲ್ಲವಿ ಮುಗಿಯುವ ಮೊದಲೇ ಕಾಕಾ ಅಂದರು, 'ಮುಂದಿಂದು ಹಾಕೋ.' ಅದರ ಪಲ್ಲವಿಯೂ ಮುಗಿಯಲಿಲ್ಲ. 'ಮುಂದಿಂದು.' ಅರ್ಧ ಗಂಟೆಯಲ್ಲಿ ಇಪ್ಪತ್ತು ಹಾಡು ಶುರುವಾದವು, ಒಂದೂ ಮುಗಿಯಲಿಲ್ಲ. ಸೊಸೆ ಚುರುಮುರಿ ತಂದಿಟ್ಟು ತಮ್ಮ ಫೋನ್ ಹಿಡಿದು ಒಳಗೆ ಹೋದರು. ಮೊಮ್ಮಗ ಒಂದು ಕೈಯಲ್ಲಿ ರಿಮೋಟ್, ಇನ್ನೊಂದರಲ್ಲಿ ಫೋನ್ ಹಿಡಿದಿದ್ದ.

ಅಷ್ಟರಲ್ಲಿ ಪಕ್ಕದಲ್ಲಿ ಕಟ್ಟುತ್ತಿರುವ ಮನೆಯ ಕೂಲಿಯವರ ಹುಡುಗ ಕಿಡಕಿಯ ಸರಳು ಹಿಡಿದು ನಿಂತ. ಏಳೆಂಟು ವರ್ಷ ಇರಬೇಕು. ಹಾಡು ನೋಡಿ ಬಾಯಿ ಅಗಲ ಮಾಡಿದ. ಆ ಕಲ್ಲು ಇನ್ನೂ ಅಲ್ಲೇ ಇದೆಯಾ ಅಂತ ನಾನು ಬಗ್ಗಿ ನೋಡಿದೆ.

'ಏ ತಮ್ಮಾ,' ಅಂದರು ಕಾಕಾ ಮೊಮ್ಮಗನಿಗೆ, 'ಆ ಕಿಡಕಿ ಹಾಕು. ಎಸಿ ಹೊರಗ ಹೊಂಟೈತಿ.'