ಮೊದಲ ದಿನ ಒಂದೇ ಹಾಳೆ ಸಾಕು

ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ 21ನೇ ಕ್ರೋಮೋಸೋಮ್ ಹೆಚ್ಚುವರಿಯಾಗಿರುವ ಸ್ಥಿತಿ) ಇರುವ ಮಗು ಹುಟ್ಟಿದಾಗ ಹೆರಿಗೆ ವಾರ್ಡಿನಲ್ಲಿ ಆಗುವ ಎಡವಟ್ಟು ಎರಡು ಬಗೆಯದು. ಒಂದೋ "ರಿಪೋರ್ಟ್ ಬರಲಿ, ಆಮೇಲೆ ನೋಡೋಣ" ಅಂತ ದಿನ ದೂಡುವುದು. ಇಲ್ಲವೇ, ಮುಂದೆ ಯಾವತ್ತಾದರೂ ಬರಬಹುದಾದ ಕಾಯಿಲೆಗಳನ್ನೆಲ್ಲ ಪಟ್ಟಿ ಮಾಡಿ ಬಾಣಂತಿಯ ಕೈಗೆ ಒಂದು ಕಟ್ಟು ಕಾಗದ ಕೊಟ್ಟು ಕಳಿಸುವುದು. ಎರಡನೆಯದನ್ನು "ಪೂರ್ತಿ ಮಾಹಿತಿ ಕೊಟ್ಟೆವು" ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಕಟ್ಟನ್ನು ಯಾರೂ ಓದುವುದಿಲ್ಲ. ಓದಿದವರಿಗೆ ರಾತ್ರಿಯಿಡೀ ನಿದ್ದೆ ಬರುವುದಿಲ್ಲ.

ಮೊದಲು, ಯಾವಾಗ ಹೇಳಬೇಕು ಅನ್ನುವ ಮಾತು. ಕೈಕಾಲು ಸಡಿಲವಾಗಿರುವುದು, ಕಣ್ಣಿನ ಹೊರತುದಿ ಮೇಲಕ್ಕೆ ಓರೆಯಾಗಿರುವುದು, ಕತ್ತಿನ ಹಿಂದೆ ಹೆಚ್ಚಿನ ಚರ್ಮ, ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಅಗಲವಾದ ಸಂದು: ಇವುಗಳಲ್ಲಿ ಹಲವು ಒಟ್ಟಿಗೆ ಕಂಡರೆ ಸಂಶಯಕ್ಕೆ ಆಧಾರವಿದೆ. ಅಂಗೈಯಲ್ಲಿ ಒಂದೇ ಅಡ್ಡಗೆರೆ ಇದೆ ಅನ್ನುವುದೊಂದರಿಂದಲೇ ಏನನ್ನೂ ತೀರ್ಮಾನಿಸುವಂತಿಲ್ಲ. ಆ ಗೆರೆ ಬೇರೆ ಎಷ್ಟೋ ಜನರಿಗೂ ಇರುತ್ತದೆ, ಈ ಮಕ್ಕಳಲ್ಲೂ ಸುಮಾರು ಅರ್ಧ ಜನಕ್ಕೆ ಇರುವುದಿಲ್ಲ. ಸಂಶಯ ಗಟ್ಟಿಯಾದ ಮೇಲೆ ಕ್ಯಾರಿಯೋಟೈಪ್ (ಕ್ರೋಮೋಸೋಮುಗಳನ್ನೆಲ್ಲ ಎಣಿಸಿ ನೋಡುವ ರಕ್ತಪರೀಕ್ಷೆ) ವರದಿಗೆ ಕಾಯುತ್ತ ಕೂರಬಾರದು. ಅದಕ್ಕೆ ವಾರ, ಕೆಲವೊಮ್ಮೆ ಎರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ನರ್ಸ್ ಮುಖ ನೋಡಿಯೇ ತಾಯಿಗೆ ಏನೋ ಇದೆ ಅಂತ ಗೊತ್ತಾಗಿರುತ್ತದೆ. ಫಿಶ್ ಎಂಬ ಇನ್ನೊಂದು ಕ್ರೋಮೋಸೋಮ್ ಪರೀಕ್ಷೆ ಒಂದೆರಡು ದಿನದಲ್ಲಿ ಹೆಚ್ಚುವರಿ 21ನೇ ಕ್ರೋಮೋಸೋಮ್ ಇದೆಯೋ ಇಲ್ಲವೋ ಹೇಳುತ್ತದೆ. ಆದರೆ ಅದು ಯಾವ ಬಗೆ (ಬಿಡಿಯಾಗಿದೆಯೋ, ಬೇರೊಂದು ಕ್ರೋಮೋಸೋಮಿಗೆ ಅಂಟಿದೆಯೋ) ಅಂತ ಹೇಳಲಾರದು. ಹಾಗಾಗಿ ಕ್ಯಾರಿಯೋಟೈಪ್ ಹೇಗಿದ್ದರೂ ಬೇಕು.

ಹೇಳುವಾಗ ಕೂತು ಹೇಳಬೇಕು. ಬಾಗಿಲು ಹಾಕಿರಲಿ, ಫೋನ್ ಬಂದ್ ಆಗಿರಲಿ, ಅಪ್ಪ ಅಮ್ಮ ಇಬ್ಬರೂ ಇರಲಿ, ಮಗು ಅವರಲ್ಲೊಬ್ಬರ ಮಡಿಲಲ್ಲಿರಲಿ. ಮೊದಲ ಮಾತು ಅಭಿನಂದನೆ. ಹೆಸರಿಟ್ಟಿದ್ದರೆ ಹೆಸರು ಹಿಡಿದೇ ಮಾತಾಡಿ. "ಮಗುವನ್ನು ಪರೀಕ್ಷೆ ಮಾಡಿದಾಗ ಡೌನ್ ಸಿಂಡ್ರೋಮ್ ಇರಬಹುದು ಅನ್ನಿಸಿತು. ಯಾಕೆ ಅನ್ನಿಸಿತು ಅಂತ ನಿಮಗೇ ತೋರಿಸುತ್ತೇನೆ, ಖಚಿತ ಮಾಡಿಕೊಳ್ಳಲು ರಕ್ತಪರೀಕ್ಷೆಗೆ ಕಳಿಸೋಣ." ಇಷ್ಟು ಹೇಳಿ ಸುಮ್ಮನಾಗಿ. ಆ ಶಬ್ದ ಕಿವಿಗೆ ಬಿದ್ದ ಮೇಲೆ ಮುಂದಿನದು ಹೆಚ್ಚೇನೂ ತಲೆಗೆ ಹೋಗುವುದಿಲ್ಲ. "ಕ್ಷಮಿಸಿ", "ದುರದೃಷ್ಟವಶಾತ್" ಬೇಡವೇ ಬೇಡ. ಓದುತ್ತದೋ ಇಲ್ಲವೋ, ಕೆಲಸ ಮಾಡುತ್ತದೋ ಇಲ್ಲವೋ ಅನ್ನುವ ಭವಿಷ್ಯವನ್ನೂ ಹೇಳಬೇಡಿ. ಮೂರು ದಿನದ ಮಗುವನ್ನು ನೋಡಿ ಅದನ್ನು ಯಾರೂ ಹೇಳಲಾರರು. ಭಾಷೆಯ ತೊಡಕಿದ್ದರೆ ದುಭಾಷಿಯನ್ನು ಕರೆಸಿ, ಆ ಹೊರೆಯನ್ನು ನೆಂಟರ ಮೇಲೆ ಹಾಕಬೇಡಿ. ಮರುದಿನ ಅದೇ ಡಾಕ್ಟರು ಮತ್ತೆ ಬರಬೇಕು, ನಿಜವಾದ ಪ್ರಶ್ನೆಗಳು ಏಳುವುದು ಆಗಲೇ.

ಮೊದಲ ಪ್ರಶ್ನೆ ಬಹುಪಾಲು "ನಮ್ಮಿಂದ ಏನು ತಪ್ಪಾಯಿತು?" ಅನ್ನುವುದು. ಉತ್ತರ ನೇರವಾಗಿರಲಿ: ಏನೂ ಇಲ್ಲ. ಸುಮಾರು 95 ಶೇಕಡಾ ಮಕ್ಕಳಲ್ಲಿ ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ 21ನೇ ಜೋಡಿ ಬೇರ್ಪಡದೆ ಉಳಿದಿರುತ್ತದೆ. ತಿಂದದ್ದು, ದುಡಿದದ್ದು, ಚಿಂತೆ ಮಾಡಿದ್ದು ಯಾವುದೂ ಕಾರಣವಲ್ಲ. 3-4 ಶೇಕಡಾ ಮಕ್ಕಳಲ್ಲಿ ಮಾತ್ರ ಆ ಹೆಚ್ಚುವರಿ ಭಾಗ ಬೇರೊಂದು ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತದೆ. ಆಗ ಅಪ್ಪ ಅಮ್ಮ ಇಬ್ಬರ ಕ್ಯಾರಿಯೋಟೈಪ್ ಕೂಡ ನೋಡಲೇಬೇಕು, ಮುಂದಿನ ಬಸಿರಿನ ಲೆಕ್ಕಾಚಾರ ಅದರ ಮೇಲೆ ನಿಂತಿದೆ. ಇದನ್ನು ಜೆನೆಟಿಕ್ ಕೌನ್ಸೆಲರ್ ವಿವರಿಸಲಿ, ವಾರ್ಡಿನ ಕಾರಿಡಾರಿನಲ್ಲಿ ನಿಂತು ಹೇಳುವ ಮಾತಲ್ಲ.

ಇನ್ನು ಆ ಕಟ್ಟಿನ ಬದಲು ಕೊಡಬೇಕಾದ ಒಂದು ಹಾಳೆಗೆ ಬರೋಣ. ಮನೆಗೆ ಹೋಗುವ ಮೊದಲು ಆಗಬೇಕಾದದ್ದು ಮತ್ತು ಮನೆಯಲ್ಲಿ ಕಣ್ಣಿಡಬೇಕಾದದ್ದು, ಅಷ್ಟೇ ಅದರಲ್ಲಿರಬೇಕು. ಮೊದಲನೆಯದು ಹೃದಯದ ಎಕೋ (ಅಲ್ಟ್ರಾಸೌಂಡ್ ಸ್ಕ್ಯಾನ್), ಪ್ರತಿ ಮಗುವಿಗೂ. "ಎದೆಯಲ್ಲಿ ಮರ್ಮರ್ (ಹೃದಯದ ಅಸಹಜ ಸದ್ದು) ಕೇಳಿಸಲಿಲ್ಲ, ಬೇಡ" ಅನ್ನುವ ವಾದ ಅಪಾಯಕಾರಿ. ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಹೃದಯದ ದೋಷ ಇರುತ್ತದೆ. ಹುಟ್ಟಿದ ಹೊಸದರಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಇನ್ನೂ ಇಳಿದಿರುವುದಿಲ್ಲವಾದ್ದರಿಂದ ದೊಡ್ಡ ರಂಧ್ರವಿದ್ದರೂ ಅದರ ಮೂಲಕ ರಕ್ತ ರಭಸವಾಗಿ ಹರಿಯುವುದಿಲ್ಲ, ಸದ್ದೂ ಬರುವುದಿಲ್ಲ. ಎವಿಎಸ್‌ಡಿ ಎಂಬ, ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುಗೋಡೆಯಲ್ಲಿ ರಂಧ್ರವಿರುವ ದೋಷಕ್ಕೆ ಸಾಮಾನ್ಯವಾಗಿ ಮೊದಲ ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ತಡವಾದರೆ ಶ್ವಾಸಕೋಶದ ರಕ್ತನಾಳಗಳು ಸರಿಪಡಿಸಲಾಗದಂತೆ ಕೆಡುತ್ತವೆ. ಗರ್ಭದಲ್ಲಿದ್ದಾಗಿನ ಸ್ಕ್ಯಾನ್ ಚೆನ್ನಾಗಿತ್ತು ಅಂತಲೂ ಎಕೋ ಬಿಡುವಂತಿಲ್ಲ.

ಮೊದಲ ಮೂರು ದಿನದೊಳಗೆ ಸಿಬಿಸಿ (ರಕ್ತಕಣಗಳ ಎಣಿಕೆ), ಜೊತೆಗೆ ಸ್ಮಿಯರ್ (ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು). ಸುಮಾರು ಹತ್ತರಲ್ಲೊಂದು ಮಗುವಿನ ರಕ್ತದಲ್ಲಿ ಟ್ಯಾಮ್ ಎಂಬ, ಬಿಳಿ ರಕ್ತಕಣಗಳ ತಾತ್ಕಾಲಿಕ ಏರುಪೇರು ಕಾಣುತ್ತದೆ. ಬಹಳಷ್ಟು ಸಲ ತಾನಾಗಿ ಹೋಗುತ್ತದೆ, ಆದರೂ ದಾಖಲಾಗಿರಬೇಕು. ಥೈರಾಯ್ಡ್ ನೋಡುವಾಗ ಅದನ್ನು ಚುರುಕುಗೊಳಿಸುವ ಹಾರ್ಮೋನಾದ ಟಿಎಸ್‌ಎಚ್ ಇರಲೇಬೇಕು. ಥೈರಾಯ್ಡ್ ಹಾರ್ಮೋನಾದ ಟಿ4 ಒಂದನ್ನೇ ನೋಡುವ ಸ್ಕ್ರೀನಿಂಗಿನಲ್ಲಿ ಕೆಲವು ಮಕ್ಕಳು ತಪ್ಪಿಹೋಗುತ್ತವೆ. ಹುಟ್ಟಿದ ಮೊದಲ ದಿನವೇ ತೆಗೆದ ರಕ್ತದಲ್ಲಿ ಟಿಎಸ್‌ಎಚ್ ಸಹಜವಾಗಿಯೇ ಏರಿರುತ್ತದೆ, ಅದನ್ನು ನೋಡಿ ಗಾಬರಿಯಾಗಬಾರದು. ಬೆಳಕು ಬಿಟ್ಟಾಗ ಕಣ್ಣಿನ ಪಾಪೆಯಲ್ಲಿ ಕಾಣುವ ಕೆಂಪು ಪ್ರತಿಫಲನ ನೋಡಲು ಟಾರ್ಚ್ ಸಾಲದು, ಆಫ್ತಾಲ್ಮೋಸ್ಕೋಪ್ (ಕಣ್ಣಿನ ಒಳಗನ್ನು ನೋಡುವ ಉಪಕರಣ) ಬೇಕು. ಹುಟ್ಟಿನಿಂದಲೇ ಪೊರೆ ಇದ್ದರೆ ಅಲ್ಲೇ ಸಿಗುತ್ತದೆ. ಹಸಿರು ವಾಂತಿ ಆದರೆ, ಎರಡು ದಿನ ಕಳೆದರೂ ಮೊದಲ ಕಪ್ಪು ಮಲ ಬರದಿದ್ದರೆ, ಮನೆಗೆ ಕಳಿಸಬೇಡಿ. ಕರುಳಿನ ತಡೆ ಇರಬಹುದು.

ಹಾಲೂಡಿಸುವುದರ ಬಗ್ಗೆ ಆಸ್ಪತ್ರೆಗಳು ತೀರಾ ಕಡಿಮೆ ಹೇಳಿಕೊಡುತ್ತವೆ. "ಡೌನ್ ಮಗು ಎದೆಹಾಲು ಕುಡಿಯಲ್ಲ" ಅಂತ ಬಾಟಲಿ ಕೊಡುವುದು ಸೋಮಾರಿತನ. ಸ್ನಾಯು ಸಡಿಲ, ಬಾಯಿ ಚಿಕ್ಕದು, ಮಗು ಬೇಗ ನಿದ್ದೆಗೆ ಜಾರುತ್ತದೆ. ಅತ್ತು ಕೇಳಲಿ ಅಂತ ಕಾದರೆ ಕೇಳುವುದೇ ಇಲ್ಲ. ಎರಡರಿಂದ ಮೂರು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಬೇಕು. ತಾಯಿ ತನ್ನ ಅಂಗೈಯಲ್ಲಿ ಮೊಲೆಯನ್ನು ಕೆಳಗಿನಿಂದ ಹಿಡಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಮಗುವಿನ ಗದ್ದ ಮತ್ತು ಕೆನ್ನೆಗೆ ಆಸರೆ ಕೊಟ್ಟರೆ ಬಾಯಿ ಕಳಚಿಕೊಳ್ಳುವುದು ಕಡಿಮೆಯಾಗುತ್ತದೆ. ಕುಡಿಸಿದ ಮೇಲೆ ಹಾಲು ಹಿಂಡಿ ತೆಗೆದು ಚಮಚದಲ್ಲೋ ಬಟ್ಟಲಿನಲ್ಲೋ ಕೊಡಿ, ಇಲ್ಲವಾದರೆ ಮಗು ಬಲವಾಗಿ ಚೀಪುವುದನ್ನು ಕಲಿಯುವಷ್ಟರಲ್ಲಿ ಹಾಲೇ ಕಡಿಮೆಯಾಗಿರುತ್ತದೆ. ಎರಡು ವಾರಕ್ಕೆ ಹುಟ್ಟಿದಾಗಿನ ತೂಕಕ್ಕೆ ಮರಳಿದೆಯೇ ನೋಡಿ. ಕುಡಿಯುವಾಗ ಹಣೆ ಬೆವರಿ, ಏದುಸಿರು ಬಂದು, ಅರ್ಧಕ್ಕೇ ಸುಸ್ತಾಗುವ ಮಗುವಿಗೆ ಬೇಕಿರುವುದು ಸ್ತನ್ಯಪಾನದ ಪಾಠವಲ್ಲ, ಹೃದಯದ ಡಾಕ್ಟರು.

ಉಳಿದದ್ದು ಎರಡನೇ ಹಾಳೆಗೆ, ಮೊದಲ ಭೇಟಿಯ ಹೊತ್ತಿಗೆ: ಆರು ತಿಂಗಳಿಗೆ ಮತ್ತು ವರ್ಷಕ್ಕೆ ಥೈರಾಯ್ಡ್, ಆರು ತಿಂಗಳೊಳಗೆ ಕಣ್ಣಿನ ತಜ್ಞರ ಭೇಟಿ, ಹುಟ್ಟಿದಾಗ ಪಾಸಾಗಿದ್ದರೂ ಮತ್ತೆ ಕಿವಿ ಪರೀಕ್ಷೆ (ಕಿವಿಯ ನಾಳ ತೀರಾ ಕಿರಿದು, ನಡುಗಿವಿಯಲ್ಲಿ ನೀರು ನಿಲ್ಲುತ್ತದೆ), ಫಿಸಿಯೋಥೆರಪಿ, ಎಲ್ಲ ಲಸಿಕೆಗಳು ವೇಳಾಪಟ್ಟಿಯಂತೆಯೇ. ನಾಲ್ಕು ವರ್ಷದೊಳಗೆ ಮಾಡಬೇಕಾದ, ನಿದ್ದೆಯಲ್ಲಿನ ಉಸಿರಾಟದ ಪರೀಕ್ಷೆಯ ಮಾತು ಈಗ ಬೇಡ. ಕತ್ತಿನ ಮೂಳೆಯ ಸಡಿಲತನವನ್ನು ಮಾತ್ರ ಈಗಲೇ ನೆನಪಿಡಬೇಕಾದವರು ಅರಿವಳಿಕೆ ಕೊಡುವವರು, ಮಗುವಿನ ಕತ್ತು ಬಾಗಿಸುವ ಕೆಲಸ ಅವರದು.

ಬೇರೆ ಪೋಷಕರ ಸಂಪರ್ಕವನ್ನು ಕೊಡಿ, ಆದರೆ ಕೇಳಿ ಕೊಡಿ; "ಈಗ ಬೇಡ" ಅಂದರೆ ಒಂದು ತಿಂಗಳು ಬಿಟ್ಟು ಮತ್ತೆ ಕೇಳಿ. ವಾರ್ಡಿನ ಕಪಾಟಿನಲ್ಲಿರುವ ಹಳೇ ಕರಪತ್ರಗಳನ್ನು ಇವತ್ತೇ ತೆಗೆದು ನೋಡಿ. ಅಮೆರಿಕದಲ್ಲಿ 1983ರ ಸುಮಾರಿಗೆ 25 ವರ್ಷವಿದ್ದ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು ಈಗ 60ರ ಆಸುಪಾಸಿಗೆ ಬಂದಿದೆ. ಹಳೇ ಅಂಕಿ ಇರುವ ಹಾಳೆ ಸುಳ್ಳು ಹೇಳುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ (ಅಲ್ಲಿನ ಮಕ್ಕಳ ತಜ್ಞರ ಸಂಘ) ಈ ಬಗೆಗಿನ ತನ್ನ ಮಾರ್ಗಸೂಚಿಯನ್ನು 2022ರಲ್ಲಿ ಹೊಸದಾಗಿ ಬರೆದಿದೆ. ನಿಮ್ಮ ಹಾಳೆಯ ಮೂಲೆಯಲ್ಲಿ ಅಚ್ಚಾದ ವರ್ಷ ಅದಕ್ಕಿಂತ ಹಿಂದಿನದಾದರೆ ಹರಿದುಹಾಕಿ, ಹೊಸದನ್ನು ಬರೆಯುವ ಕೆಲಸವನ್ನು ವಾರ್ಡಿನ ಒಬ್ಬರ ಹೆಸರಿಗೆ ಹಚ್ಚಿ.