ತಾಳಮದ್ದಲೆಯ ನಾಡಿನಲ್ಲಿ ಭಾಗವತರನ್ನು ಯಾರೂ ಕೇಳುವುದಿಲ್ಲ

ಶಿಲ್ಲಾಂಗಿನ ರಾಕ್ ಅಭಿಮಾನಿಗಳಿಂದ ಉತ್ತರ ಕನ್ನಡದ ಯಕ್ಷಗಾನ ಪ್ರೇಕ್ಷಕರು ಕಲಿಯಬೇಕಾದದ್ದು ಒಂದಿದೆ ಎಂದರೆ ನಮ್ಮೂರಿನಲ್ಲಿ ಸುಲಭವಾಗಿ ಯಾರೂ ಒಪ್ಪಲಾರರು. ಆದರೂ ಹೇಳುತ್ತೇನೆ. ಹೊನ್ನಾವರದ ಕಡೆಯವನಾದ ನಾನು ಉದ್ಯೋಗಕ್ಕೆಂದು ಮೇಘಾಲಯಕ್ಕೆ ಬಂದು ಇಲ್ಲಿಯೇ ನೆಲೆಸಿದ್ದೇನೆ. ಮಳೆ ಎರಡೂ ಕಡೆ ಒಂದೇ. ಅಡಿಕೆಯೂ ಎರಡೂ ಕಡೆ ಇದೆ. ಎಲೆಯಡಿಕೆಗೆ ನಮ್ಮಲ್ಲಿ ಕವಳ ಎಂದು, ಇವರಲ್ಲಿ ಕ್ವಾಯ್ ಎಂದು ಹೆಸರು. ಹಾಡು ಮತ್ತು ಬಡಿತದ ಮೇಲಿನ ಪ್ರೀತಿಯಲ್ಲಂತೂ ಯಾರು ಹೆಚ್ಚು ಯಾರು ಕಡಿಮೆ ಎಂದು ಹೇಳುವುದೇ ಕಷ್ಟ. ವ್ಯತ್ಯಾಸ ಇರುವುದು ಪ್ರದರ್ಶನ ಮುಗಿದ ಮೇಲೆ.

ಇಲ್ಲಿನ ಸಣ್ಣ ಸಭಾಂಗಣಗಳಲ್ಲಿ ರಾಕ್ ತಂಡ ನುಡಿಸಿ ಮುಗಿಸಿದ ಮೇಲೆ ಕೆಲವೊಮ್ಮೆ ವಾದ್ಯಗಳನ್ನು ಪಕ್ಕಕ್ಕಿಟ್ಟು ವೇದಿಕೆಯ ಅಂಚಿನಲ್ಲಿ ಕುಳಿತುಕೊಳ್ಳುತ್ತದೆ. ಕೇಳುಗರು ಒಬ್ಬೊಬ್ಬರಾಗಿ ಎದ್ದು ಪ್ರಶ್ನೆ ಕೇಳುತ್ತಾರೆ. ಈ ತಿರುವನ್ನು ಎಲ್ಲಿಂದ ತಂದಿರಿ? ಮೊದಲು ಯಾರ ಹಾಡು ಕೇಳಿ ಗಿಟಾರ್ ಹಿಡಿದಿರಿ? ಖಾಸಿ ಭಾಷೆಯಲ್ಲಿ ಹಾಡುವಾಗ ಲಯ ಏಕೆ ಬದಲಾಗುತ್ತದೆ? ಅಂಥ ಒಂದು ಸಂಜೆ ಕಾಲೇಜು ಹುಡುಗಿಯೊಬ್ಬಳು ಡ್ರಮ್ಸ್ ನುಡಿಸುವವನನ್ನು ನೇರವಾಗಿ ಕೇಳಿದಳು: ಎರಡನೆಯ ಹಾಡಿನ ಬಡಿತ ಶಾದ್ ಸುಕ್ ಮಿನ್‌ಸಿಯೆಮ್‌ನದ್ದಲ್ಲವೇ? ಅದು ಖಾಸಿಗಳು ವಸಂತದಲ್ಲಿ ಶಿಲ್ಲಾಂಗಿನ ವೈಕಿಂಗ್ ಮೈದಾನದಲ್ಲಿ ನಡೆಸುವ ಕುಣಿತ. ದೊಡ್ಡ ಡೋಲುಗಳ ಜೊತೆ ತಂಗ್ಮುರಿ ಎಂಬ ಓಲಗದಂಥ ವಾದ್ಯ ಊದುತ್ತಾರೆ. ಹುಡುಗ ಹೌದೆಂದ. ಚಿಕ್ಕಂದಿನಲ್ಲಿ ಸೋದರಮಾವ ಅಲ್ಲಿ ಬಡಿಯುವುದನ್ನು ನೋಡಿ ಕಲಿತದ್ದು, ವೇಗ ಮಾತ್ರ ತಗ್ಗಿಸಿದ್ದೇನೆ ಎಂದ. ಹಿಂದಿನ ಸಾಲಿನಿಂದ ವಯಸ್ಸಾದವರೊಬ್ಬರು ಎದ್ದು, ಮೂರನೆಯ ಪೆಟ್ಟು ಅಲ್ಲಿ ಹಾಗೆ ಬೀಳುವುದಿಲ್ಲ ಎಂದು ಆಕ್ಷೇಪಿಸಿದರು. ಹುಡುಗ ಕೋಲು ಎತ್ತಿಕೊಂಡು ಮೊದಲು ಅವರು ಹೇಳಿದಂತೆ ಬಡಿದು ತೋರಿಸಿದ, ಆಮೇಲೆ ತನ್ನದನ್ನು ಬಡಿದ, ಗಿಟಾರಿನ ಸಾಲಿಗಾಗಿ ಆ ಪೆಟ್ಟನ್ನು ಸರಿಸಬೇಕಾಯಿತೆಂದು ವಿವರಿಸಿದ. ಸಭೆಗೆ ಎರಡೂ ಅರ್ಥವಾದವು. ಅಂದು ಕೇಳಿದ ಹಾಡುಗಳಿಗಿಂತ ಈ ಮಾತುಕತೆಯೇ ನನ್ನಲ್ಲಿ ಹೆಚ್ಚು ಕಾಲ ಉಳಿಯಿತು.

ಈ ಊರಿಗೆ ಋಣವನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಹಳೆಯದು. ಲೂ ಮಜಾವ್ ಎಂಬ ಹಾಡುಗಾರರು 1972ರಿಂದ ಮೇ 24ರಂದು ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರ ಹುಟ್ಟುಹಬ್ಬವನ್ನು ಹಾಡುಗಳಿಂದಲೇ ಆಚರಿಸುತ್ತ ಬಂದಿದ್ದಾರೆ. ‘ನಿಮ್ಮ ಮೇಲೆ ಯಾರ ಪ್ರಭಾವ’ ಎಂದು ಯಾರೂ ಕೇಳದಿದ್ದರೂ ವರ್ಷಕ್ಕೊಮ್ಮೆ ಇಡೀ ಕಾರ್ಯಕ್ರಮವನ್ನೇ ಉತ್ತರವಾಗಿ ಕೊಡುವ ಮನುಷ್ಯ ಅವರು. 2003ರಲ್ಲಿ ಇಲ್ಲಿಯೇ ಹುಟ್ಟಿದ ಸೋಲ್‌ಮೇಟ್ ತಂಡ ತಾನು ನುಡಿಸುವುದು ಅಮೆರಿಕದ ಕಪ್ಪು ಜನರ ಬ್ಲೂಸ್ ಎಂಬುದನ್ನು ಎಂದೂ ಮುಚ್ಚಿಡಲಿಲ್ಲ.

ರಾಕ್ ಸಂಗೀತದ ಚರಿತ್ರೆಯಲ್ಲಿಯೇ ಈ ಪ್ರಶ್ನೆಗೆ ದೊಡ್ಡ ಜಾಗವಿದೆ. 1962ರಲ್ಲಿ ಲಂಡನ್ನಿನಲ್ಲಿ ಆರಂಭವಾದ ರೋಲಿಂಗ್ ಸ್ಟೋನ್ಸ್ ತಂಡ ತನ್ನ ಹೆಸರನ್ನೇ ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ ಹಾಡೊಂದರಿಂದ ಪಡೆಯಿತು. 1965ರಲ್ಲಿ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮವೊಂದಕ್ಕೆ ಕರೆ ಬಂದಾಗ ಹೌಲಿನ್ ವುಲ್ಫ್ ಅವರನ್ನೂ ಕರೆಸಬೇಕೆಂದು ಆ ಹುಡುಗರು ಪಟ್ಟು ಹಿಡಿದರು. ಐವತ್ತು ದಾಟಿದ್ದ ಆ ಬ್ಲೂಸ್ ಗಾಯಕ ಹಾಡುವಾಗ ಇವರು ಅವರ ಸುತ್ತ ನೆಲದಲ್ಲಿ ಕುಳಿತು ಕೇಳಿದರು. ಅಮೆರಿಕದ ಎಷ್ಟೋ ಬಿಳಿಯ ಮನೆಗಳಿಗೆ ತಮ್ಮದೇ ದೇಶದ ಆ ಕಂಠ ಮುಟ್ಟಿದ್ದು ಇಂಗ್ಲೆಂಡಿನ ಹುಡುಗರ ಹಟದಿಂದ. ಇದಕ್ಕೆ ತದ್ವಿರುದ್ಧ ಲೆಡ್ ಜೆಪ್ಪೆಲಿನ್ ತಂಡದ ಕತೆ. ತಾನು ಬಳಸಿದ ಕೆಲವು ಸಾಲುಗಳು ಯಾರವೆಂದು ಅದು ಹೇಳಲಿಲ್ಲ. 1985ರಲ್ಲಿ ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ ನ್ಯಾಯಾಲಯಕ್ಕೆ ಹೋದರು, ಕೊನೆಗೆ ರಾಜಿಯಾಯಿತು. ಎರಡೂ ದೊಡ್ಡ ತಂಡಗಳೇ. ಆದರೆ ಒಂದರ ಋಣ ವೇದಿಕೆಯ ಮೇಲೆ ಸಂದಿತು, ಇನ್ನೊಂದರದು ವಕೀಲರ ಮೂಲಕ.

ಈಗ ನಮ್ಮ ಕಡೆಗೆ ಬರುತ್ತೇನೆ.

ಹೊನ್ನಾವರ, ಕುಮಟಾ, ಸಿದ್ದಾಪುರ, ಶಿರಸಿಯ ಯಕ್ಷಗಾನ ಪ್ರೇಕ್ಷಕರಷ್ಟು ಕಿವಿಯುಳ್ಳ ಕೇಳುಗರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಇದು ಊರಿನ ಅಭಿಮಾನದಿಂದ ಹೇಳುವ ಮಾತಲ್ಲ. ಒಂದು ಪದ್ಯ ಶುರುವಾಗಿ ಎರಡನೆಯ ಸಾಲು ಬರುವುದರೊಳಗೆ ಇದು ಯಾರ ಮಟ್ಟು ಅಂದರೆ ಹಾಡುವ ಧಾಟಿ, ಪದ್ಯ ಹಾಡಿ ಆಟ ನಡೆಸುವ ಭಾಗವತರಲ್ಲಿ ಯಾರು ಇದನ್ನು ಮೊದಲು ಹೀಗೆ ಎತ್ತಿದರು, ಮದ್ದಲೆಯವರು ಎಲ್ಲಿ ಕೈ ಬದಲಿಸಿದರು ಎಂದು ಹೇಳುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅಡಿಕೆ ಸುಲಿಯುವವರಿಗೂ ಶಾಲೆಯ ಮಾಸ್ತರರಿಗೂ ಇದು ಸಮಾನವಾಗಿ ಬರುವ ವಿದ್ಯೆ. ಶಿಲ್ಲಾಂಗಿನ ಪ್ರಶ್ನೆಗಳಲ್ಲಿ ಅರ್ಧ ‘ಈ ಗಿಟಾರ್ ಯಾವ ಕಂಪನಿಯದು’ ಎನ್ನುವಷ್ಟಕ್ಕೆ ನಿಲ್ಲುತ್ತವೆ. ನಮ್ಮವರು ಕೇಳತೊಡಗಿದರೆ ಅದಕ್ಕಿಂತ ಹತ್ತು ಪಟ್ಟು ಆಳಕ್ಕೆ ಹೋದಾರು.

ಆದರೆ ಕೇಳುವುದಿಲ್ಲ. ಬೆಳಗಿನ ಜಾವ ಮಂಗಳ ಪದವಾದ ಮೇಲೆ ವೇಷ ಕಟ್ಟುವ ಚೌಕಿಗೆ ಹೋಗಿ ಕೈ ಮುಗಿಯುತ್ತೇವೆ, ‘ಪದ್ಯ ಒಳ್ಳೆಯದಾಯಿತು’ ಎನ್ನುತ್ತೇವೆ, ಹಿಂದಿರುಗುತ್ತೇವೆ. ನಿಜವಾದ ಚರ್ಚೆ ಚಹಾದಂಗಡಿಯಲ್ಲಿ, ಭಾಗವತರ ಬೆನ್ನ ಹಿಂದೆ. ಅಲ್ಲಿ ಅದು ಪ್ರಶ್ನೆಯ ರೂಪ ಬಿಟ್ಟು ಆಪಾದನೆಯ ರೂಪ ತಾಳುತ್ತದೆ: ‘ಅವನದ್ದೇನಿದೆ, ಎಲ್ಲ ನಾವಡರ ನಕಲು.’ 1990ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರು ಯಕ್ಷಗಾನದ ಬಡಗಣ ಶೈಲಿಯಾದ ಬಡಗುತಿಟ್ಟಿನ ಹಾಡಿಕೆಗೆ ಹೊಸ ರಾಗಗಳನ್ನು ತಂದವರು. ಅವರ ನಂತರ ಹಾಡಿದ ಯಾರ ಮೇಲೆ ಅವರ ನೆರಳು ಬಿದ್ದಿಲ್ಲ? ನೆರಳು ಬಿದ್ದದ್ದು ಕಳಂಕವೂ ಅಲ್ಲ. ನಾವಡರು ತಾವೇ ಹಿರಿಯ ಭಾಗವತ ನಾರ್ಣಪ್ಪ ಉಪ್ಪೂರರಿಂದ ಕಲಿತವರು. ಕಲಿತದ್ದರಲ್ಲಿ ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಎಂಬುದರಲ್ಲಿಯೇ ಅವರ ದೊಡ್ಡತನವಿತ್ತು. ಇಂದಿನ ಯುವ ಭಾಗವತರೊಬ್ಬರು ಸಭೆಯ ಮುಂದೆ ಕುಳಿತು, ‘ಈ ಪದ್ಯದ ಮೊದಲರ್ಧ ನಾವಡರದು, ಎರಡನೆಯದು ನನ್ನದು, ಏಕೆಂದರೆ ನನ್ನ ಕಂಠ ಅಷ್ಟು ಮೇಲಕ್ಕೆ ಹೋಗುವುದಿಲ್ಲ’ ಎಂದರೆ ಚಹಾದಂಗಡಿಯ ಆಪಾದನೆಗೆ ಉಸಿರೇ ಇರುವುದಿಲ್ಲ.

ನನ್ನನ್ನು ನಿಜಕ್ಕೂ ಕಾಡುವುದು ಇನ್ನೊಂದು ಸಂಗತಿ. ನಾವು ತಾಳಮದ್ದಲೆಯ ಜನ. ವೇಷವಿಲ್ಲದೆ, ಕುಣಿತವಿಲ್ಲದೆ, ಎದುರುಬದುರು ಕುಳಿತು ಪಾತ್ರಗಳ ಮಾತಾಡುವ ಅರ್ಥಧಾರಿಗಳು ಪ್ರಶ್ನೆಗೆ ಪ್ರತಿಪ್ರಶ್ನೆ ಹಾಕುವುದನ್ನು ಕೇಳಲು ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಮೈಲಿಗಟ್ಟಲೆ ನಡೆದವರು. ಕೃಷ್ಣನನ್ನು ಕೌರವ ಕೇಳಬಹುದು, ರಾಮನನ್ನು ವಾಲಿ ಕೇಳಬಹುದು. ವಾಲಿಯ ಪ್ರಶ್ನೆ ಮೊನಚಾಗಿದ್ದಷ್ಟೂ ನಮಗೆ ಸಂತೋಷ. ದೇವರಿಗೇ ಉತ್ತರಿಸುವ ಹೊಣೆ ಹೊರಿಸಿದ ಕಲೆಯಲ್ಲಿ, ಪಕ್ಕದಲ್ಲಿಯೇ ತಾಳ ಹಿಡಿದು ಕುಳಿತ ಭಾಗವತರಿಗೆ, ಮದ್ದಲೆಗಾರರಿಗೆ, ಚಂಡೆಯವರಿಗೆ ಒಂದೇ ಒಂದು ಪ್ರಶ್ನೆಯಿಲ್ಲ. ರಾತ್ರಿಯಿಡೀ ಮಾತನ್ನು ಹೊತ್ತವರು ಅವರು. ಅವರ ಬಾಯಿಂದ ಹಾಡಲ್ಲದ ಮಾತನ್ನು ನಾವು ಕೇಳಿಯೇ ಇಲ್ಲ.

ಗುರುಹಿರಿಯರನ್ನು ಸಭೆಯಲ್ಲಿ ಪ್ರಶ್ನಿಸುವುದು ಉದ್ಧಟತನ ಎಂದು ಹಲವರು ಹೇಳುತ್ತಾರೆ. ಅವರ ಭಾವನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚೌಕಿಯಲ್ಲಿ ಗಣಪತಿ ಪೂಜೆ ಮಾಡಿ ಆರಂಭಿಸುವ ಕಲೆಗೆ ಅದರದೇ ಮರ್ಯಾದೆ ಇದೆ. ಆದರೆ ಇಂದು ಆ ಗೌರವ ಯಾವ ರೂಪದಲ್ಲಿ ಸಲ್ಲುತ್ತಿದೆ? ಸನ್ಮಾನದ ರೂಪದಲ್ಲಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಅಧ್ಯಕ್ಷರ ಭಾಷಣ, ಮುಖ್ಯ ಅತಿಥಿಗಳ ಭಾಷಣ. ಮುಕ್ಕಾಲು ಗಂಟೆ ನಡೆಯುವ ಈ ವಿಧಿಯಲ್ಲಿ ಕಲಾವಿದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಕಲಾವಿದರಿಗೆ ಸಿಗುವುದು ಕೃತಜ್ಞತೆ ಹೇಳುವ ಎರಡು ನಿಮಿಷ. ಶಾಲು ಹೊದಿಸಿ ಕೂರಿಸುವುದಕ್ಕಿಂತ ‘ಇದನ್ನು ಹೇಗೆ ಮಾಡಿದಿರಿ’ ಎಂದು ತಿಳಿದವನೊಬ್ಬ ಕೇಳುವುದು ದೊಡ್ಡ ಗೌರವ ಎಂದು ನಾನು ನಂಬಿದ್ದೇನೆ.

ಹೊರಗಿನಿಂದ ತೆಗೆದುಕೊಳ್ಳುವುದೂ ನಮಗೆ ಹೊಸತಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಎಂಬ ಯಕ್ಷಗಾನ ತಂಡವನ್ನು ಮುಂದೆ ನಡೆಸಿದ ಶಂಭು ಹೆಗಡೆಯವರು ನೃತ್ಯಗಾತಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದವರು. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು; ಮರಾಠಿ ನಾಟಕದ ಹಾಡುಗಳು ಕಾರವಾರದ ದಾರಿಯಲ್ಲಿ ಬಂದು ನಮ್ಮ ಮಟ್ಟುಗಳಲ್ಲಿ ಎಷ್ಟರಮಟ್ಟಿಗೆ ಸೇರಿಕೊಂಡವು ಎಂಬುದು ಹಳೆಯ ಭಾಗವತರನ್ನೇ ಕೇಳಬೇಕಾದ ಪ್ರಶ್ನೆ. ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ತೀರಿಕೊಂಡರು. ಅವರ ಹಾಡು ಧ್ವನಿಮುದ್ರಣದಲ್ಲಿ ಉಳಿದಿದೆ. ಪ್ರತಿ ತಿರುವಿನ ಹಿಂದಿನ ಯೋಚನೆಯನ್ನು ಅವರ ಬಾಯಿಂದಲೇ ಕೇಳುವ ಅವಕಾಶ ಉಳಿದಿಲ್ಲ.

ಇದೇ ಮೌನ ಕರಾವಳಿಯ ಹೊಸ ಹುಡುಗರನ್ನೂ ಆವರಿಸಿದೆ. ಕಳೆದ ಬಾರಿ ರಜೆಯಲ್ಲಿ ಬಂದಾಗ ಕಾರವಾರದಲ್ಲಿ ಸಣ್ಣ ರಾಕ್ ತಂಡವೊಂದನ್ನು ಕೇಳಿದೆ. ನನ್ನ ಅಕ್ಕನ ಮಗನ ಗೆಳೆಯರು. ಯಾರ ಪ್ರಭಾವ ಎಂದರೆ ಇಂಗ್ಲೆಂಡ್, ಅಮೆರಿಕದ ತಂಡಗಳ ಪಟ್ಟಿಯನ್ನು ಬಾಯಿಪಾಠದಂತೆ ಒಪ್ಪಿಸಿದರು. ಆದರೆ ಅವರ ಸ್ವಂತ ಹಾಡೊಂದರಲ್ಲಿ ಡ್ರಮ್ಸ್ ನುಡಿಸುವ ಹುಡುಗ ದೊಡ್ಡ ಟಾಮ್ ಡ್ರಮ್ಮಿನ ಚರ್ಮವನ್ನು ಎಡಮೊಣಕೈಯಿಂದ ಒತ್ತಿ, ಬಲಗೈಯಲ್ಲಿ ಬಡಿಯುತ್ತಾ ದನಿಯನ್ನು ಮೇಲೆ ಕೆಳಗೆ ಜಾರಿಸುತ್ತಿದ್ದ. ಅದನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ಸ್ವಲ್ಪ ಹೊತ್ತು ತಡೆದು, ‘ಮಾವ, ಅದು ಸುಗ್ಗಿಯ ಗುಮಟೆ’ ಎಂದ. ಅಂಕೋಲಾದ ಕಡೆಯ ಹುಡುಗ. ನಮ್ಮ ಜಿಲ್ಲೆಯ ಹಾಲಕ್ಕಿ ಜನಾಂಗದವರು ಬಡಿಯುವ ಗುಮಟೆಯ ಮಣ್ಣಿನ ಗಡಿಗೆಗೆ ಒಂದು ಬದಿ ಚರ್ಮ, ಇನ್ನೊಂದು ಬದಿ ತೆರೆದ ಬಾಯಿ. ಆ ಬಾಯಿಯನ್ನು ಎಡಗೈ ಮುಚ್ಚಿ ತೆರೆದಂತೆ ದನಿ ಬದಲಾಗುತ್ತದೆ. ಅದನ್ನೇ ಅವನು ಟಾಮ್‌ನಲ್ಲಿ ಹುಡುಕಿಕೊಂಡಿದ್ದ. ವೇದಿಕೆಯಲ್ಲಿ ಇದನ್ನು ಏಕೆ ಹೇಳುವುದಿಲ್ಲ ಎಂದರೆ, ಯಾರೂ ಕೇಳಿಲ್ಲ ಎಂದ.

ಕಾಳಿ ಸೇತುವೆ ದಾಟಿ ಗಡಿಯಾಚೆ ಹೋದರೆ ಗೋವಾ ಸರ್ಕಾರ ಇದೇ ಬಗೆಯ ಘುಮಟ್ ವಾದ್ಯವನ್ನು 2019ರಲ್ಲಿ ರಾಜ್ಯದ ಪರಂಪರೆಯ ವಾದ್ಯವೆಂದು ಘೋಷಿಸಿದೆ. ನಮ್ಮಲ್ಲಿ ಹಾಲಕ್ಕಿಗಳ ಹಾಡಿನ ಕಣಜವಾಗಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರಲ್ಲಿ ನಮ್ಮನ್ನು ಅಗಲಿದರು. ಈ ಹುಡುಗನ ಟಾಮ್‌ನಲ್ಲಿ ಅಂಥವರ ಅಂಗಳದ ಬಡಿತ ಇನ್ನೂ ಇದೆ. ಅದನ್ನು ಅವನು ಎದೆಯುಬ್ಬಿಸಿ ಹೇಳುವಂತಾಗಬೇಕು.

ಒಂದು ಎಚ್ಚರಿಕೆ ಮಾತ್ರ ಬೇಕು. ‘ನಿಮ್ಮ ಮೇಲೆ ಪ್ರಭಾವ ಬೀರಿದವರು ಯಾರು’ ಎಂಬ ಪ್ರಶ್ನೆಗೆ ಎಲ್ಲೆಡೆಯೂ ಬರುವುದು ಹೆಸರುಗಳ ಪಟ್ಟಿಯೇ. ಶಿಲ್ಲಾಂಗಿನಲ್ಲಿಯೂ ಅದನ್ನು ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಪ್ರಶ್ನೆ ಚಿಕ್ಕದಾಗಿರಬೇಕು, ಒಂದು ಪದ್ಯದ ಒಂದು ಸಾಲಿಗೆ, ಒಂದು ಪೆಟ್ಟಿಗೆ ತಗಲುವಂತಿರಬೇಕು. ಹಾಗೆ ಕೇಳಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಕುಮಟಾದಲ್ಲಿ ತಾಳಮದ್ದಲೆಗಳು ನಡೆಯುತ್ತವೆ. ಸಂಘಟಕರಲ್ಲಿ ನನ್ನ ವಿನಂತಿ ಇಷ್ಟೇ: ಒಂದು ತಾಳಮದ್ದಲೆಯಲ್ಲಿ ಸನ್ಮಾನದ ಮುಕ್ಕಾಲು ಗಂಟೆಯನ್ನು ಹಿಮ್ಮೇಳಕ್ಕೆ ಬಿಟ್ಟುಕೊಡಿ. ಭಾಗವತರು ತಾಳ ಕೈಯಲ್ಲಿಯೇ ಇಟ್ಟುಕೊಂಡಿರಲಿ, ಮದ್ದಲೆ ತೊಡೆಯ ಮೇಲೆಯೇ ಇರಲಿ, ಉತ್ತರವನ್ನು ಹಾಡಿಯೂ ಬಡಿದೂ ತೋರಿಸಲಿ. ಕಾರವಾರದ ಆ ಹುಡುಗರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿ. ಯಾರೂ ಮೊದಲು ಏಳದಿದ್ದರೆ ನಾನು ಏಳುತ್ತೇನೆ. ಯುದ್ಧದ ಏರು ಪದ್ಯಕ್ಕೆ ಹೋಗುವ ಮೊದಲು ಮದ್ದಲೆ ನಿಂತು ಚಂಡೆ ಹಿಡಿಯುವ ಆ ಕ್ಷಣವನ್ನು ನಿರ್ಧರಿಸುವವರು ನೀವೋ ಚಂಡೆಯವರೋ, ಮತ್ತು ಅದನ್ನು ಯಾರಿಂದ ಕಲಿತಿರಿ ಎಂದು ಭಾಗವತರನ್ನು ಕೇಳುತ್ತೇನೆ.