ಒಳ್ಳೆ ನಡತೆಯ ನಿರುದ್ಯೋಗಿ ಬೇಕಾಗಿದ್ದಾರೆ

ಕೆಲಸ ಹೋಯ್ತಾ, ಚಿಂತೆ ಬಿಡಿ, ಇಎಸ್‌ಐನವರು (ಕಾರ್ಮಿಕರ ವಿಮೆಯವರು) ಅರ್ಧ ಸಂಬಳ ಕೊಡ್ತಾರೆ ಅನ್ನುವ ಫಾರ್ವರ್ಡ್ ಮತ್ತೆ ಎಲ್ಲ ಗ್ರೂಪುಗಳಲ್ಲೂ ಓಡಾಡುತ್ತಿದೆ. ಕಳಿಸುವವರೆಲ್ಲ ಕೆಲಸದಲ್ಲಿ ಇರುವವರೇ. ಸುಳ್ಳೇನಲ್ಲ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಒಂದಿದೆ. 2018ರ ಜುಲೈನಲ್ಲಿ ಎರಡು ವರ್ಷದ ಪ್ರಯೋಗ ಅಂತ ಶುರುವಾಯಿತು, ಆಮೇಲೆ ವಿಸ್ತರಣೆ ಮೇಲೆ ವಿಸ್ತರಣೆ. ಪಾಪ, ಯೋಜನೆಯೇ ಕಾಂಟ್ರಾಕ್ಟ್ ಮೇಲಿದೆ, ಇನ್ನು ನಮ್ಮನ್ನು ಕಾಪಾಡೋದು ಎಲ್ಲಿಂದ?

ಐಟಿಯವರು ಸುಮ್ನೆ ಆಸೆ ಪಡಬೇಡಿ. 2017ರಲ್ಲಿ ಎಳೆದ ಗೆರೆ ಪ್ರಕಾರ ತಿಂಗಳಿಗೆ 21,000 ದಾಟಿದವರು ಇಎಸ್‌ಐ ಕಣ್ಣಲ್ಲಿ ಶ್ರೀಮಂತರು. ಬೆಂಗಳೂರಲ್ಲಿ 22,000 ಸಂಬಳದ ಶ್ರೀಮಂತ ಎಲ್ಲಾದರೂ ಕಂಡರೆ ಒಂದು ಸೆಲ್ಫಿ ತಗೊಳ್ಳಿ.

ಉಳಿದವರು ಅರ್ಹರಾ ಅಂದರೆ, ತಡೆಯಿರಿ. ಎರಡು ವರ್ಷ ವಿಮೆಯಲ್ಲಿರಬೇಕು. ಕೆಲಸ ಹೋಗುವ ಹಿಂದಿನ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿರಬೇಕು, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಒಂದರಲ್ಲಿ ಇನ್ನೊಂದು 78. ಗಾರ್ಮೆಂಟ್ಸ್‌ನಲ್ಲಿ ಇದ್ದವರನ್ನು ಕೇಳಿ, ಫ್ಯಾಕ್ಟರಿ ಒಂದೇ ದಿನಕ್ಕೆ ಮುಚ್ಚಲ್ಲ. ಮೊದಲು ಆರ್ಡರ್ ಇಲ್ಲ ಅಂತ ವಾರಕ್ಕೆ ಮೂರು ದಿನ ಕೆಲಸ, ಆಮೇಲೆ ಎರಡು, ಆಮೇಲೆ ಫೋನ್ ಮಾಡ್ತೀವಿ ಬನ್ನಿ, ಆಮೇಲೆ ಗೇಟಿಗೆ ಬೀಗ. ಅಷ್ಟರಲ್ಲಿ 78 ತುಂಬದೆ ಹೋದರೆ ತಪ್ಪು ಯಾರದು? ಮೆಲ್ಲಗೆ ಕೆಲಸ ಕಳ್ಕೊಂಡ ನಿಮ್ಮದೇ ಅಲ್ವಾ.

ಎಲ್ಲಕ್ಕಿಂತ ನನಗೆ ಇಷ್ಟವಾದ ಷರತ್ತು ನಡತೆಯದ್ದು. ದುರ್ನಡತೆಗೆ ಶಿಕ್ಷೆಯಾಗಿ ತೆಗೆದಿದ್ದರೆ ಏನೂ ಸಿಗಲ್ಲ. ಸ್ವಂತ ಇಚ್ಛೆಯಿಂದ ನಿವೃತ್ತಿ ತಗೊಂಡರೂ ಇಲ್ಲ. ಚೆನ್ನಾಗಿದೆ. ಆದರೆ ದುರ್ನಡತೆ ಅಂತ ಬರೆಯೋದು ಯಾರು? ತೆಗೆದವರೇ! ಓವರ್‌ಟೈಮ್ ದುಡ್ಡು ಎಲ್ಲಿ ಅಂತ ಸೂಪರ್‌ವೈಸರ್‌ನ ಜೋರಾಗಿ ಕೇಳಿದ್ದು ದುರ್ನಡತೆ. ಇನ್ನು ಎಚ್‌ಆರ್ ರೂಮಲ್ಲಿ ಏನಾಗುತ್ತೆ ಗೊತ್ತಲ್ಲ. ಒಂದು ಗ್ಲಾಸ್ ನೀರು, ಮೊದಲೇ ಟೈಪ್ ಮಾಡಿಟ್ಟ ರಾಜೀನಾಮೆ, ಸಹಿ ಮಾಡಿದರೆ ಎಕ್ಸ್‌ಪೀರಿಯನ್ಸ್ ಲೆಟರ್ ಕ್ಲೀನ್ ಆಗಿ ಕೊಡ್ತೀವಿ ಅನ್ನುವ ತಣ್ಣನೆಯ ಮಾತು. ಇಎಸ್‌ಐ ಪೋರ್ಟಲ್‌ನಲ್ಲಿ ಕೆಲಸ ಹೋದ ಕಾರಣ ತುಂಬುವ ಹುಡುಗನಿಗೂ ಊಟದ ಹೊತ್ತು. ಪಟ್ಟಿಯಲ್ಲಿ 'ಲೆಫ್ಟ್ ಸರ್ವಿಸ್' ಮೇಲೇ ಕೈಗೆ ಸಿಗುತ್ತೆ, 'ರಿಟ್ರೆಂಚ್‌ಮೆಂಟ್', ಅಂದರೆ ಮಾಲೀಕರೇ ತೆಗೆದದ್ದು, ಹುಡುಕೋಕೆ ಕೆಳಗೆ ಇಳೀಬೇಕು. ಅವನು ಯಾಕೆ ಇಳೀತಾನೆ? ಒಂದು ಕ್ಲಿಕ್ಕಿಗೆ ನೀವೇ ಬಿಟ್ಟು ಹೋದವರಾಗುತ್ತೀರಿ.

ಇಷ್ಟೆಲ್ಲ ದಾಟಿದರೆ ದಿನದ ಸರಾಸರಿ ಕೂಲಿಯ ಅರ್ಧ, 90 ದಿನಕ್ಕೆ. 2020ಕ್ಕೆ ಮುಂಚೆ ಕಾಲು ಭಾಗ ಇತ್ತು, ಕೊರೊನಾ ಬಂದು ಅರ್ಧ ಆಯಿತು. 14,000 ಸಂಬಳದವಳಿಗೆ ಮೂರು ತಿಂಗಳಿಗೆ ಸುಮಾರು 21,000. ಅದೂ ಜೀವಮಾನದಲ್ಲಿ ಒಂದೇ ಸಲ. ಮಾಲೀಕರು ಎಷ್ಟು ಸಲ ಬೇಕಾದರೂ ತೆಗೀಬಹುದು, ಅದಕ್ಕೆ ಮಿತಿ ಇಲ್ಲ.

ನಮ್ಮ ರಾಜ್ಯದ ಯುವನಿಧಿ ಇನ್ನೂ ಸ್ವಾರಸ್ಯ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಆದರೆ ಪಾಸಾದ ಮೇಲೆ 180 ದಿನ ಕೆಲಸ ಸಿಕ್ಕಿರಬಾರದು. ಅಂದರೆ ನಾಲ್ಕನೇ ತಿಂಗಳಿಗೆ ಕೆಲಸ ಹುಡುಕಿಕೊಂಡು, ಅಲ್ಲಿಂದ ತೆಗೆಸಿಕೊಂಡವನು ಅವಸರಪಟ್ಟು ಕೆಟ್ಟ. ಮನೇಲಿ ಕೂತಿದ್ದರೆ ಅರ್ಹನಾಗುತ್ತಿದ್ದ.

ನಗು ಸಾಕು. ಸಂಬಳದಿಂದ ಇಎಸ್‌ಐಗೆ ಅಂತ ತಿಂಗಳು ತಿಂಗಳು 0.75 ಪರ್ಸೆಂಟ್ ಮುರಿದುಕೊಂಡಾಗ ಯಾರೂ ನಡತೆ ವಿಚಾರಿಸಲಿಲ್ಲ. ದುಡ್ಡು ವಾಪಸ್ ಕೊಡುವಾಗ ಮಾತ್ರ ಪಾಪ ಪುಣ್ಯದ ಲೆಕ್ಕ. ಕೆಲಸ ಹೋದವಳ ಮನೆ ಬಾಡಿಗೆ ನಿಲ್ಲುತ್ತಾ? ಅವಳು ಒಳ್ಳೆಯವಳೋ ಕೆಟ್ಟವಳೋ ಅಂತ ನೋಡಿ ಹಸಿವು ಬರುತ್ತಾ?

ಪಿಎಫ್ ಇದೆಯಲ್ಲ ಅಂತೀರಾ? ಮೊದಲು ಎರಡು ತಿಂಗಳು ಕೆಲಸ ಇಲ್ಲದಿದ್ದರೆ ಪೂರ್ತಿ ತೆಗೀಬಹುದಿತ್ತು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿಯ ಟ್ರಸ್ಟಿಗಳು ಕೂತು ಅದನ್ನು 12 ತಿಂಗಳು ಮಾಡಿದರು. ಮುಕ್ಕಾಲು ಭಾಗ ಕೂಡಲೇ ಕೊಡ್ತಾರಂತೆ. ಉಳಿದ ಕಾಲು ಭಾಗ ನಿಮ್ಮದೇ ದುಡ್ಡು, ಅದನ್ನು ಪಡೆಯೋಕೆ ಒಂದು ವರ್ಷ ನಿರುದ್ಯೋಗದ ಅನುಭವ ಬೇಕು. ಈ ದೇಶದಲ್ಲಿ ಫ್ರೆಶರ್‌ಗಳನ್ನು ಯಾರು ತಾನೇ ತಗೋತಾರೆ?